ವಾಸಿಯಾದ ಹಸುವಿನ ರಕ್ತದಲ್ಲಿ ಏನಿರುತ್ತದೆ?

(ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ಹಾಲಿನ ಡೇರಿ ಆವರಣದಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ.)

ಮೊದಲು ನಮ್ಮ ಮನೆಯ ಒಂದು ಹಸುವಿನ ವಿಷಯ ಹೇಳುತ್ತೇನೆ. ಹೆಸರು ಗೌರಿ. ಸೀಮೆ ಹಸು, ಎರಡನೇ ಸೂಲು, ಹೊತ್ತಿಗೆ ಎಂಟು ಲೀಟರ್ ಕೊಡುತ್ತಿತ್ತು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಅದು ಬೂಸಾ ಮುಟ್ಟಲಿಲ್ಲ. ಮೆಲುಕು ನಿಂತುಹೋಗಿತ್ತು. ಅಮ್ಮ ಕರೆಯಲು ಕೂತರೆ ಚೊಂಬಿನ ತಳ ಮುಚ್ಚುವಷ್ಟು ಹಾಲು, ಅಷ್ಟೇ. ಕಿವಿ ಮುಟ್ಟಿದರೆ ಸುಡುತ್ತಿತ್ತು.

ದನದ ಡಾಕ್ಟ್ರು ಬಂದವರೇ ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪಗಿರಬೇಕಾದ ಜಾಗ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ಜೊತೆಗೆ ಸ್ವಲ್ಪ ಅರಿಶಿನದ ಛಾಯೆ. "ಗಂಜಲ ಕೆಂಪಗೆ ಹೋಗ್ತಿದೆಯೇನಮ್ಮಾ?" ಎಂದು ಕೇಳಿದರು. "ಇಲ್ಲ ಸಾರ್, ಹಳದಿ ಜಾಸ್ತಿ" ಎಂದರು ಅಮ್ಮ. ಡಾಕ್ಟ್ರು ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡರು. ನಾನು ವಿಜ್ಞಾನ ಓದುವ ಹುಡುಗ ಎಂದು ಗೊತ್ತಾಗಿ, "ಮಧ್ಯಾಹ್ನ ಆಸ್ಪತ್ರೆ ಹತ್ರ ಬಾ, ತೋರಿಸ್ತೀನಿ" ಎಂದರು.

ಹೋದೆ. ಬಣ್ಣ ಹಾಕಿದ ಆ ಗಾಜನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಿದ್ದರು. ತಿಳಿ ಗುಲಾಬಿ ಬಣ್ಣದ ದುಂಡು ದುಂಡು ರಕ್ತಕಣಗಳು. ಕೆಲವು ಕಣಗಳ ಸರಿಯಾಗಿ ಅಂಚಿನಲ್ಲಿ, ರಾಗಿ ಕಾಳು ಅಂಟಿಸಿದ ಹಾಗೆ, ಒಂದೊಂದು ಕಡು ನೇರಳೆ ಚುಕ್ಕೆ. ಅದೇ ರೋಗ. ಆ ಚುಕ್ಕೆಯ ಹೆಸರು ಅನಾಪ್ಲಾಸ್ಮಾ ಮಾರ್ಜಿನೇಲ್. ಅಂಚಿನಲ್ಲಿ ಕಾಣುವುದರಿಂದಲೇ ಮಾರ್ಜಿನೇಲ್. ಇದೊಂದು ಬ್ಯಾಕ್ಟೀರಿಯಾ. ಹಸುವಿನ ಕೆಂಪು ರಕ್ತಕಣದ ಒಳಗೇ ಸಂಸಾರ ಮಾಡುತ್ತದೆ.

ಗಂಜಲದ ಬಣ್ಣ ಕೇಳಿದ್ದು ಯಾಕೆ ಎಂದು ಆಮೇಲೆ ಗೊತ್ತಾಯಿತು. ಅನಾಪ್ಲಾಸ್ಮಾದ ಹಾಗೆ ಉಣ್ಣೆಯಿಂದಲೇ, ಅಂದರೆ ದನದ ಮೈಗೆ ಅಂಟಿಕೊಂಡು ರಕ್ತ ಕುಡಿಯುವ ಹುಳದಿಂದಲೇ, ಬರುವ ಇನ್ನೊಂದು ರೋಗವಿದೆ, ಬೆಬೀಸಿಯಾ. ಅದರಲ್ಲಿ ರಕ್ತಕಣಗಳು ರಕ್ತನಾಳದಲ್ಲೇ ಒಡೆಯುತ್ತವೆ, ಗಂಜಲ ಕಾಫಿ ಡಿಕಾಕ್ಷನ್ ಥರ ಆಗುತ್ತದೆ. ಅನಾಪ್ಲಾಸ್ಮಾದಲ್ಲಿ ಹಾಗಲ್ಲ. ಸೋಂಕು ತಗುಲಿದ ಕಣಗಳನ್ನು ಹಸುವಿನ ಗುಲ್ಮವೇ ಆರಿಸಿ ಆರಿಸಿ ತಿಂದುಹಾಕುತ್ತದೆ. ರಕ್ತ ಕಮ್ಮಿಯಾಗುತ್ತದೆ, ಕಾಮಾಲೆ ಕಾಣುತ್ತದೆ, ಗಂಜಲ ಮಾತ್ರ ಕೆಂಪಾಗುವುದಿಲ್ಲ. ಒಂದು ಪ್ರಶ್ನೆಯಲ್ಲಿ ಅರ್ಧ ರೋಗ ಹಿಡಿದಿದ್ದರು ಆ ಡಾಕ್ಟ್ರು.

ಈ ಚುಕ್ಕೆಯನ್ನು ಮೊದಲು ಗುರುತಿಸಿ ಹೆಸರಿಟ್ಟವರು ಅರ್ನಾಲ್ಡ್ ಥೈಲರ್, 1910ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ಸ್ವಿಟ್ಜರ್ಲೆಂಡಿನಿಂದ ಬಂದ ದನದ ಡಾಕ್ಟ್ರು. ಚಿಕ್ಕ ವಯಸ್ಸಿನಲ್ಲೇ ಜಮೀನಿನ ಯಂತ್ರಕ್ಕೆ ಸಿಕ್ಕಿ ಎಡಗೈ ಕಳೆದುಕೊಂಡರು. ಉಳಿದ ಒಂದೇ ಕೈಯಲ್ಲಿ ಜೀವಮಾನವಿಡೀ ಸೂಕ್ಷ್ಮದರ್ಶಕದ ಕೆಲಸ ಮಾಡಿದರು. ಅವರ ಮಗ ಮ್ಯಾಕ್ಸ್ ಥೈಲರ್‌ಗೆ ಹಳದಿ ಜ್ವರದ ಲಸಿಕೆಗಾಗಿ 1951ರಲ್ಲಿ ನೊಬೆಲ್ ಬಂತು. ಮೇವಿನ ಮಷೀನಿಗೆ ದಿನಾ ಕೈ ಕೊಡುವವರು ನಾವು. ಅದಕ್ಕೇ ಥೈಲರ್ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಗೌರಿಗೆ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಆಯಿತು. ವಾರದಲ್ಲಿ ಮೇವು ಹಿಡಿಯಿತು. ತಿಂಗಳಲ್ಲಿ ಹಾಲು ಮುಕ್ಕಾಲು ಪಾಲು ವಾಪಸ್ ಬಂತು. ವಾಸಿಯಾಯಿತು ಎಂದುಕೊಂಡೆವು.

ಮುಂದಿನ ವರ್ಷ ಒಂದು ದಿನ ಕೊಟ್ಟಿಗೆಯ ನಾಲ್ಕೂ ಹಸುಗಳಿಗೆ ಸಾಲಾಗಿ ಇಂಜೆಕ್ಷನ್ ಹಾಕಿಸಿದೆವು. ಹಾಕಿದವರು ಯಾರು ಎಂಬುದು ಇಲ್ಲಿ ಬೇಡ. ಅವತ್ತು ಮೊದಲ ಚುಚ್ಚು ಗೌರಿಗೆ. ಅದೇ ಸೂಜಿ ಎರಡನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ನಾನೇ ಹಗ್ಗ ಹಿಡಿದು ನಿಂತಿದ್ದೆ. ನನಗೂ ಏನೂ ಹೊಳೆಯಲಿಲ್ಲ. ಹೆಚ್ಚು ಕಮ್ಮಿ ನಾಲ್ಕು ವಾರಕ್ಕೆ ಎರಡು ಹಸುಗಳು ಒಟ್ಟಿಗೆ ಮಲಗಿದವು. ಅದೇ ಬಿಳಿ ಕಣ್ಣು, ಅದೇ ಸುಡುವ ಮೈ. ಒಂದು ಉಳಿಯಲಿಲ್ಲ.

ಆಗ ಅಮ್ಮ ಕೇಳಿದ ಮಾತು ಇದು: "ಗೌರಿಗೆ ವಾಸಿ ಆಯ್ತು ಅಂದ್ರಲ್ಲ? ಒಂದು ವರ್ಷದಿಂದ ಗುಂಡುಕಲ್ಲಿನ ಹಾಗಿದೆ. ಮತ್ತೆ ಇವಕ್ಕೆ ಎಲ್ಲಿಂದ ಬಂತು?"

ಅವತ್ತು ಉತ್ತರ ಕೊಡಲು ನನಗೆ ಬರಲಿಲ್ಲ. ಈಗ ತುಮಕೂರಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಇವತ್ತು ನಿಮ್ಮ ಮುಂದೆ ಹೇಳುವುದೆಲ್ಲ ಅಮ್ಮನ ಆ ಪ್ರಶ್ನೆಗೆ ಉತ್ತರ.

ಬ್ಯಾಕ್ಟೀರಿಯಾ ಮೈಗೆ ಹೊಕ್ಕಾಗ ದೇಹಕ್ಕೆ ಮೊದಲು ಸಿಗುವುದು ಅದರ ಹೊರಮೈ. ಹೊರಮೈ ತುಂಬ ಪ್ರೋಟೀನುಗಳು. ದೇಹ ಆ ಪ್ರೋಟೀನಿನ ಆಕಾರ ನೋಡಿಕೊಂಡು, ಅದಕ್ಕೆ ಸರಿಯಾಗಿ ಕೂರುವ ಪ್ರತಿಕಾಯಗಳನ್ನು ತಯಾರು ಮಾಡುತ್ತದೆ. ಬೀಗಕ್ಕೆ ಕೀಲಿ ಮಾಡಿಸಿದ ಹಾಗೆ. ಕೀಲಿ ತಯಾರಾಗಲು ಒಂದೆರಡು ವಾರ ಬೇಕು. ತಯಾರಾದ ಮೇಲೆ ಆ ಆಕಾರ ಇರುವ ಬ್ಯಾಕ್ಟೀರಿಯಾಗಳಿಗೆ ಉಳಿಗಾಲವಿಲ್ಲ.

ಗೌರಿಯ ದೇಹವೂ ಇದನ್ನೇ ಮಾಡಿತು. ಚೆನ್ನಾಗಿಯೇ ಮಾಡಿತು. ಈ ಮಾತನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸೋಂಕು ಒಳಗೇ ಉಳಿದಿದೆ ಎಂದ ಕೂಡಲೇ "ಹಸುವಿಗೆ ಶಕ್ತಿ ಇಲ್ಲ" ಅಂದುಬಿಡುತ್ತೇವೆ. ಶಕ್ತಿ ಇತ್ತು. ದೇಹ ಗೆದ್ದಿತು. ಆದರೆ ಗೆದ್ದದ್ದು ಹಿಂದಿನ ತಿಂಗಳ ಮುಖದ ಮೇಲೆ.

ಸೋಂಕು ತಗುಲಿದ ಹಸುಗಳ ರಕ್ತವನ್ನು ತಿಂಗಳುಗಟ್ಟಲೆ ಬಿಡದೆ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಹೊರಗೆ ಹಸು ಆರಾಮಾಗಿ ಮೇಯುತ್ತಿರುತ್ತದೆ. ಒಳಗೆ ಬ್ಯಾಕ್ಟೀರಿಯಾದ ಸಂಖ್ಯೆ ಅಲೆ ಅಲೆಯಾಗಿ ಏರುತ್ತದೆ, ಇಳಿಯುತ್ತದೆ. ಇಳಿದಾಗ ಒಂದು ಮಿಲಿಲೀಟರ್ ರಕ್ತಕ್ಕೆ ನೂರರ ಲೆಕ್ಕ. ಏರಿದಾಗ ಒಂದು ಕೋಟಿಯವರೆಗೆ. ಒಂದು ಅಲೆಗೆ ಸುಮಾರು ಐದರಿಂದ ಎಂಟು ವಾರ. ಪ್ರತಿ ಅಲೆಯ ಬ್ಯಾಕ್ಟೀರಿಯಾ ಹಿಡಿದು ಹೊರಮೈ ನೋಡಿದರೆ, ಅಲ್ಲಿನ ಒಂದು ಮುಖ್ಯ ಪ್ರೋಟೀನ್ ಹಿಂದಿನ ಅಲೆಯಲ್ಲಿ ಇದ್ದಂತೆ ಇಲ್ಲ. ಆ ಪ್ರೋಟೀನಿಗೆ ಎಂಎಸ್‌ಪಿ2 ಎಂದು ಹೆಸರು. ಎರಡು ತುದಿ ಹಾಗೇ ಇರುತ್ತವೆ. ನಡುವಿನ ಭಾಗ ಬದಲಾಗುತ್ತದೆ. ಪ್ರತಿಕಾಯ ಬಂದು ಕೂರಬೇಕಾದದ್ದು ಆ ನಡುವಿನ ಭಾಗಕ್ಕೇ.

ಇದು ಹೇಗೆ ಸಾಧ್ಯ? ಇಲ್ಲಿಯವರೆಗೆ ಕತೆ, ಇನ್ನು ಮುಂದೆ ಕೈಚಳಕ. ನನಗೆ ಇವತ್ತಿಗೂ ಮೈ ಜುಂ ಎನ್ನಿಸುವ ಭಾಗ ಇದು.

ಈ ಬ್ಯಾಕ್ಟೀರಿಯಾ ಬಡವ. ಮನುಷ್ಯನ ಡಿಎನ್ಎಯಲ್ಲಿ ಸುಮಾರು 300 ಕೋಟಿ ಅಕ್ಷರ. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸುಮಾರು 46 ಲಕ್ಷ. ಅನಾಪ್ಲಾಸ್ಮಾಕ್ಕೆ ಬರೀ 12 ಲಕ್ಷದ ಹತ್ತಿರ. ಅದರ ಪೂರ್ತಿ ಡಿಎನ್ಎ ಓದಿ ಮುಗಿಸಿದ್ದು 2005ರಲ್ಲಿ ಪ್ರಕಟವಾಯಿತು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯುನಿವರ್ಸಿಟಿಯ ಕೆಲ್ಲಿ ಬ್ರೇಟನ್, ಗೈ ಪಾಮರ್ ಮತ್ತು ಜೊತೆಗಾರರ ಕೆಲಸ. ಇಷ್ಟು ಚಿಕ್ಕ ಆಸ್ತಿಯಲ್ಲಿ ನೂರಾರು ಹೊರಮೈಗೆ ನೂರಾರು ಜೀನ್, ಅಂದರೆ ಪ್ರೋಟೀನ್ ಮಾಡುವ ಸೂತ್ರ, ಇಟ್ಟುಕೊಳ್ಳಲು ಜಾಗವೆಲ್ಲಿದೆ? ಇಲ್ಲ. ಹಾಗಾದರೆ ಏನು ಮಾಡುತ್ತದೆ?

ನಾವು ಕೂತಿರುವುದು ಗುಬ್ಬಿ ಸೀಮೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ನೆಲ. ನಮ್ಮ ಊರುಗಳಲ್ಲಿ ಇವತ್ತಿಗೂ ಹಬ್ಬ ಜಾತ್ರೆ ಬಂದರೆ ಪೌರಾಣಿಕ ನಾಟಕ ಆಡುತ್ತೇವೆ, ಅಲ್ವಾ? ರಂಗ ಒಂದೇ. ಪರದೆಯ ಹಿಂದೆ ವೇಷದ ಪೆಟ್ಟಿಗೆಗಳು. ಪೆಟ್ಟಿಗೆಯಲ್ಲಿ ಇರುವ ತನಕ ಕಿರೀಟ ಸುಮ್ನೆ ಒಂದು ವಸ್ತು. ತಲೆಗೇರಿಸಿಕೊಂಡು ರಂಗಕ್ಕೆ ಬಂದಾಗ ಮಾತ್ರ ಜನ "ಓ, ದುರ್ಯೋಧನ" ಅನ್ನುತ್ತಾರೆ.

ಅನಾಪ್ಲಾಸ್ಮಾದಲ್ಲೂ ಎಂಎಸ್‌ಪಿ2 ಪ್ರೋಟೀನ್ ತಯಾರಾಗುವ ರಂಗ ಒಂದೇ, ಡಿಎನ್ಎಯ ಒಂದೇ ಜಾಗ. ಬೇರೆ ಕಡೆ ಆ ಜೀನಿನ ಅರೆಬರೆ ಪ್ರತಿಗಳಿವೆ. ಅವು ಇದ್ದಲ್ಲೇ ಏನೂ ಮಾಡಲಾರವು, ಮೌನವಾಗಿರುತ್ತವೆ. ಪೂರ್ತಿ ಓದಿದ ಆ ತಳಿಯಲ್ಲಿ ಇಂಥ ಮೌನ ಪ್ರತಿಗಳು ಏಳು. ಬ್ಯಾಕ್ಟೀರಿಯಾ ಆಗೊಮ್ಮೆ ಈಗೊಮ್ಮೆ ಒಂದು ಮೌನ ಪ್ರತಿಯ ನಕಲು ಮಾಡಿ ರಂಗದಲ್ಲಿರುವ ಜೀನಿನ ನಡುಭಾಗಕ್ಕೆ ಕೂರಿಸುತ್ತದೆ. ಅಲ್ಲಿದ್ದ ಹಳೆಯದು ಅಳಿಸಿಹೋಗುತ್ತದೆ. ಪೆಟ್ಟಿಗೆಯಲ್ಲಿರುವ ಮೂಲ ಮಾತ್ರ ಹಾಗೇ ಇರುತ್ತದೆ. ಮುಂದೆ ಇನ್ನೊಂದು ಸಲ ಬೇಕಾದರೆ ಅಲ್ಲೇ ಇದೆ.

"ಏಳೇ ತಾನೆ? ಏಳು ವೇಷ ನೋಡಿ ಮುಗಿಸಿದರೆ ಆಟ ಮುಗಿಯಬೇಕಲ್ಲ?" ಎಂದು ಮುಂದಿನ ಸಾಲಿನಲ್ಲಿ ಕೂತ ವಿದ್ಯಾರ್ಥಿನಿ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಸೋಂಕಿನ ಮೊದಲ ದಿನಗಳಲ್ಲಿ ಬರುವುದು ಹೆಚ್ಚಾಗಿ ಇಡೀ ಇಡೀ ವೇಷಗಳೇ. ಒಂದು ಪೆಟ್ಟಿಗೆಯಿಂದ ಪೂರ್ತಿ ದುರ್ಯೋಧನ, ಇನ್ನೊಂದರಿಂದ ಪೂರ್ತಿ ಭೀಮ. ದೇಹ ಒಂದೊಂದನ್ನೇ ಗುರುತು ಹಿಡಿದು ಮುಗಿಸುತ್ತಾ ಬರುತ್ತದೆ. ಆಮೇಲೆ ಬದುಕಿ ಉಳಿಯುವವು ಕಲಬೆರಕೆಯವು. ದುರ್ಯೋಧನನ ಕಿರೀಟ, ಭೀಮನ ಎದೆಕವಚ, ಕರ್ಣನ ನಡುಪಟ್ಟಿ. ಬ್ಯಾಕ್ಟೀರಿಯಾ ಮೌನ ಪ್ರತಿಯ ಒಂದು ತುಂಡನ್ನು ಮಾತ್ರವೂ ನಕಲು ಮಾಡಬಲ್ಲದು. ಅದರ ಪಕ್ಕಕ್ಕೆ ಇನ್ನೊಂದರ ತುಂಡು. ಲೆಕ್ಕ ಹಾಕಿ ನೋಡಿ. ಏಳು ಪೆಟ್ಟಿಗೆ, ಪ್ರತಿಯೊಂದರಲ್ಲೂ ಮೂರು ಸಾಮಾನು ಎಂದಿಟ್ಟುಕೊಂಡರೂ ಏಳು ಏಳಲ ಏಳಲ 343 ವೇಷ. ನಿಜದಲ್ಲಿ ತುಂಡುಗಳಿಗೆ ಇಷ್ಟೇ ಉದ್ದ ಎಂಬ ಕಟ್ಟುಪಾಡಿಲ್ಲ. ಆದ್ದರಿಂದ ಸಂಖ್ಯೆ ಇದಕ್ಕಿಂತ ಎಷ್ಟೋ ಜಾಸ್ತಿ. ಹಸುವಿನ ಆಯಸ್ಸು ಮುಗಿಯುತ್ತದೆ, ವೇಷ ಮುಗಿಯುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬರಬಾರದು. ವೇಷ, ನಾಟಕ ಎಂದೆಲ್ಲ ಹೇಳಿದೆ. ಬ್ಯಾಕ್ಟೀರಿಯಾಕ್ಕೆ ಬುದ್ಧಿ ಇಲ್ಲ. ಪ್ರತಿಕಾಯ ಬಂತು, ಬಟ್ಟೆ ಬದಲಾಯಿಸೋಣ ಎಂದು ಅದು ಯೋಚಿಸುವುದಿಲ್ಲ. ನಕಲು ಕೂರಿಸುವ ಕೆಲಸ ಯಾವಾಗಲೂ ಎಲ್ಲೋ ಒಂದೆರಡರಲ್ಲಿ ನಡೆಯುತ್ತಲೇ ಇರುತ್ತದೆ, ಯಾವ ಗುರಿಯೂ ಇಲ್ಲದೆ. ಕೋಟಿ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಆಗಲೇ ಬೇರೆ ಹೊರಮೈ ಹೊತ್ತಿರುತ್ತವೆ. ಪ್ರತಿಕಾಯ ಬಂದು ಉಳಿದವನ್ನೆಲ್ಲ ಕೊಂದಾಗ ಈ ಕೆಲವೇ ಮಿಕ್ಕುತ್ತವೆ. ಅವೇ ಬೆಳೆದು ಮುಂದಿನ ಅಲೆ ಆಗುತ್ತವೆ. ಕಳೆ ತೆಗೆದ ಹೊಲ ನೆನಪು ಮಾಡಿಕೊಳ್ಳಿ. ಕಿತ್ತವನ ಕಣ್ಣಿಗೆ ಬೀಳದ ಕಳೆಯೇ ತಾನೆ ಆಮೇಲೆ ಹಬ್ಬುವುದು.

ಇದು ದನಗಳ ರೋಗ, ಮನುಷ್ಯರಿಗೆ ಬರುವುದಿಲ್ಲ. ಆದರೆ ಇದೇ ಉಪಾಯ ನಡೆಸುವ ಬೇರೆ ಬ್ಯಾಕ್ಟೀರಿಯಾಗಳು ಮನುಷ್ಯರನ್ನೂ ಕಾಡಿವೆ.

ಮರುಕಳಿಸುವ ಜ್ವರ ಎಂದು ಒಂದಿದೆ. ನಾಲ್ಕೈದು ದಿನ ಧಗಧಗ ಜ್ವರ. ಆಮೇಲೆ ಪೂರ್ತಿ ವಾಸಿ, ಎದ್ದು ಓಡಾಡುತ್ತಾರೆ. ವಾರ ಕಳೆದ ಮೇಲೆ ಮತ್ತೆ ಅದೇ ಜ್ವರ. 1868ರಲ್ಲಿ ಬರ್ಲಿನ್ನಿನ ಒಟ್ಟೊ ಓಬರ್ಮೇಯರ್ ಎಂಬ ಯುವ ಡಾಕ್ಟರ್ ಇಂಥ ರೋಗಿಗಳ ರಕ್ತದಲ್ಲಿ ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿಯಾಗಿ ಓಡಾಡುವ ಜೀವಿಯನ್ನು ಕಂಡರು. ಜ್ವರ ಇದ್ದಾಗ ಕಾಣುತ್ತಿತ್ತು, ಬಿಟ್ಟಾಗ ಇಲ್ಲ. 1873ರಲ್ಲಿ ಅದನ್ನು ಪ್ರಕಟಿಸಿದರು. ಅದೇ ವರ್ಷ ಕಾಲರಾದಿಂದ ತೀರಿಕೊಂಡರು. ಈ ಜ್ವರ ಬಟ್ಟೆಯ ಹೇನಿನಿಂದ ಹರಡುತ್ತದೆ ಎಂದು ತೋರಿಸಿದ ಕೆಲಸ ನಡೆದದ್ದು ನಮ್ಮ ದೇಶದಲ್ಲೇ, ನಾಸಿಕದಲ್ಲಿ. 1907ರಲ್ಲಿ ಮ್ಯಾಕಿ ಎಂಬ ಡಾಕ್ಟರ್ ಅದನ್ನು ಬರೆದರು.

ಆದರೆ ಜ್ವರ ಮತ್ತೆ ಮತ್ತೆ ಬರುವುದು ಯಾಕೆ? ಅದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು 1982ರಲ್ಲಿ. ಅಮೆರಿಕದ ಮೊಂಟಾನಾದಲ್ಲಿರುವ ರಾಕಿ ಮೌಂಟನ್ ಪ್ರಯೋಗಾಲಯದಲ್ಲಿ ಸ್ಟೋನರ್ ಮತ್ತು ಜೊತೆಗಾರರು ಇದೇ ಕುಲದ, ಉಣ್ಣೆಯಿಂದ ಹರಡುವ ಮರುಕಳಿಸುವ ಜ್ವರದ ಒಂದೇ ಒಂದು ಬ್ಯಾಕ್ಟೀರಿಯಾದಿಂದ ಶುರು ಮಾಡಿದರು. ಒಂದೇ ಒಂದು. ಅದನ್ನು ಇಲಿಯಲ್ಲಿ ಬೆಳೆಸಿದರು. ಅದರ ಸಂತಾನದಲ್ಲಿ 24 ಬಗೆಯ ಬೇರೆ ಬೇರೆ ಹೊರಮೈಗಳು ಸಿಕ್ಕವು. ಹೊರಗಿನಿಂದ ಹೊಸ ಸೋಂಕು ಬಂದಿರಲಿಲ್ಲ. 24 ಮುಖವೂ ಆ ಒಂದರ ಒಳಗೇ ಇದ್ದವು. ಪ್ರತಿ ಪೀಳಿಗೆಯಲ್ಲಿ ಸಾವಿರದಿಂದ ಹತ್ತು ಸಾವಿರಕ್ಕೆ ಒಂದು ಬ್ಯಾಕ್ಟೀರಿಯಾ ಹೀಗೆ ಬದಲಾಗುತ್ತದೆ ಎಂಬ ಅಂದಾಜೂ ಆಗ ಸಿಕ್ಕಿತು. ಒಳ್ಳೆಯ ಪ್ರಯೋಗ ಹೇಗಿರಬೇಕು ಎಂದು ಮಕ್ಕಳು ಕೇಳಿದಾಗಲೆಲ್ಲ ನಾನು ಇದನ್ನೇ ಹೇಳುವುದು. ಒಂದರಿಂದ ಶುರು ಮಾಡಿದ್ದರಿಂದಲೇ ಸಂಶಯಕ್ಕೆ ಜಾಗ ಉಳಿಯಲಿಲ್ಲ.

ವೇಷ ಬದಲಾವಣೆ ಇಲ್ಲದಿದ್ದರೆ ನಿಜಕ್ಕೂ ಬ್ಯಾಕ್ಟೀರಿಯಾ ಉಳಿಯುವುದಿಲ್ಲವೇ? ಇದನ್ನೂ ಪರೀಕ್ಷೆ ಮಾಡಿದ್ದಾರೆ. ಲೈಮ್ ರೋಗದ ಬ್ಯಾಕ್ಟೀರಿಯಾ ಇದೇ ಕುಲದ್ದು, ಉಣ್ಣೆ ಕಚ್ಚುವುದರಿಂದ ಬರುತ್ತದೆ. ಅದರಲ್ಲಿ ಒಂದು ರಂಗ, 15 ಮೌನ ಪ್ರತಿಗಳು ಇವೆ ಎಂದು 1997ರಲ್ಲಿ ಗೊತ್ತಾಯಿತು. ಇವೆಲ್ಲ ಇರುವುದು ಒಂದು ಚಿಕ್ಕ ಡಿಎನ್ಎ ತುಂಡಿನ ಮೇಲೆ. ಆ ತುಂಡು ಕಳೆದುಕೊಂಡ ಬ್ಯಾಕ್ಟೀರಿಯಾವನ್ನು ಮಾಮೂಲಿ ಇಲಿಗೆ ಕೊಟ್ಟರೆ ಕೆಲವೇ ವಾರಗಳಲ್ಲಿ ಇಲಿಯ ದೇಹ ಅದನ್ನು ಗುಡಿಸಿ ಹಾಕುತ್ತದೆ. ಪ್ರತಿಕಾಯ ಮಾಡಲಾಗದ ಇಲಿಯಲ್ಲಾದರೆ ಅದೇ ಬ್ಯಾಕ್ಟೀರಿಯಾ ಹಾಯಾಗಿ ಉಳಿಯುತ್ತದೆ. ಅಂದರೆ ಬೆಳೆಯುವುದಕ್ಕೆ ವೇಷ ಬೇಕಿಲ್ಲ. ಕಾವಲುಗಾರ ಇರುವ ಮನೆಯಲ್ಲಿ ಉಳಿಯುವುದಕ್ಕೆ ಬೇಕು.

ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ ರೋಗದ ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಎಳೆಗಳಿವೆ. ಆ ಎಳೆಯ ಪ್ರೋಟೀನೂ ಹೀಗೆಯೇ ಬದಲಾಗುತ್ತದೆ. ಒಂದು ತಳಿಯ ಎಳೆಗಳಿಂದ ಲಸಿಕೆ ಮಾಡಿ ಕೊರಿಯಾದಲ್ಲಿದ್ದ ಸುಮಾರು 3,250 ಅಮೆರಿಕನ್ ಸೈನಿಕರ ಮೇಲೆ ಪ್ರಯೋಗ ಮಾಡಿದರು. ಪ್ರತಿಕಾಯ ಬಂತು, ರಕ್ಷಣೆ ಬರಲಿಲ್ಲ. 1991ರಲ್ಲಿ ಪ್ರಕಟವಾದ ಫಲಿತಾಂಶ ಅದು. ಒಂದು ವೇಷದ ಫೋಟೋ ಕೊಟ್ಟು ಕಳ್ಳನನ್ನು ಹಿಡಿ ಎಂದ ಹಾಗಾಯಿತು.

ಅನಾಪ್ಲಾಸ್ಮಾಕ್ಕೂ ಲಸಿಕೆಯ ಕಷ್ಟ ಇದೇ. ದೇಹದ ಕಣ್ಣು ಹೋಗುವುದು ಎದ್ದು ಕಾಣುವ, ಬದಲಾಗುವ ಪ್ರೋಟೀನಿನ ಮೇಲೆ. ಬದಲಾಗದ ಪ್ರೋಟೀನುಗಳೂ ಇವೆ. ಎಂಎಸ್‌ಪಿ5 ಎಂಬುದು ಅಂಥದ್ದು. ರಕ್ತಪರೀಕ್ಷೆಯಲ್ಲಿ ವಾಹಕ ಹಸುವನ್ನು, ಅಂದರೆ ಹೊರಗೆ ಆರಾಮಾಗಿದ್ದು ಒಳಗೆ ಸೋಂಕು ಹೊತ್ತ ಹಸುವನ್ನು, ಪತ್ತೆ ಮಾಡಲು ಅದು ಉಪಯೋಗಕ್ಕೆ ಬರುತ್ತದೆ. ಥೈಲರ್ ಅನಾಪ್ಲಾಸ್ಮಾ ಸೆಂಟ್ರಾಲೆ ಎಂಬ ಸೌಮ್ಯ ನೆಂಟನನ್ನೂ ಕಂಡುಹಿಡಿದರು. ಅದನ್ನೇ ಜೀವಂತವಾಗಿ ಲಸಿಕೆ ಮಾಡಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಸ್ರೇಲ್‌ನಂಥ ದೇಶಗಳಲ್ಲಿ ಕೊಟ್ಟಿದ್ದಾರೆ. ನೂರು ವರ್ಷದ ಹಿಂದಿನ ಉಪಾಯ. ಅದಕ್ಕಿಂತ ಒಳ್ಳೆಯದು ಇನ್ನೂ ಕೈಗೆ ಬಂದಿಲ್ಲ ಎಂಬುದು ನನಗೆ ನೋವಿನ ವಿಷಯ. ಯಾಕೆಂದರೆ ಇದು ಬಡವರ ಕೊಟ್ಟಿಗೆಯ ರೋಗ.

ಈಗ ಅಮ್ಮನ ಪ್ರಶ್ನೆಗೆ ವಾಪಸ್ ಬರುತ್ತೇನೆ. ಗೌರಿಗೆ ವಾಸಿಯಾಗಿತ್ತು, ನಿಜ. ಅದರ ರಕ್ತದಲ್ಲಿ ಅಲೆಗಳು ಏಳುತ್ತಾ ಬೀಳುತ್ತಾ ಇದ್ದದ್ದೂ ನಿಜ. ಒಮ್ಮೆ ಈ ಸೋಂಕು ತಗುಲಿ ಬದುಕಿದ ಹಸು ಸಾಮಾನ್ಯವಾಗಿ ಜೀವಮಾನವಿಡೀ ವಾಹಕ. ಮಾಮೂಲಿ ಇಂಜೆಕ್ಷನ್ ಪ್ರಾಣ ಉಳಿಸುತ್ತದೆ, ಸೋಂಕನ್ನು ಬೇರುಸಹಿತ ಕೀಳುತ್ತದೆ ಎಂಬ ಖಾತ್ರಿಯಿಲ್ಲ. ಅವತ್ತು ಸೂಜಿಯ ತುದಿಯಲ್ಲಿ ಹೋದ ಹನಿಯಲ್ಲಿ ಸಾವಿರಗಟ್ಟಲೆ ಇದ್ದಿರಬಹುದು. ಉಳಿದ ಹಸುಗಳ ದೇಹ ಅದುವರೆಗೆ ಯಾವ ವೇಷವನ್ನೂ ನೋಡಿರಲಿಲ್ಲ. ನಾಲ್ಕು ವಾರ ಹಿಡಿದದ್ದೂ ಸರಿಯಾಗಿಯೇ ಇದೆ. ಈ ರೋಗ ಒಳಹೊಕ್ಕ ಮೇಲೆ ಕಾಣಿಸಿಕೊಳ್ಳಲು ತೆಗೆದುಕೊಳ್ಳುವ ಸಮಯ ಹೆಚ್ಚು ಕಮ್ಮಿ ಅಷ್ಟೇ.

ಸೂಜಿ ಒಂದೇ ಅಲ್ಲ. ಕೊಂಬು ಸುಡುವ, ಕತ್ತರಿಸುವ, ಬೀಜ ಒಡೆಯುವ, ಕಿವಿಗೆ ಓಲೆ ಹಾಕುವ ಸಾಮಾನುಗಳಲ್ಲಿ ರಕ್ತ ಹತ್ತುವ ಯಾವುದಾದರೂ ಸರಿ. ಕಚ್ಚುವ ನೊಣ ಸರಿ. ಎಲ್ಲಕ್ಕಿಂತ ಮುಖ್ಯ ಉಣ್ಣೆ. ನಮ್ಮ ಅಮ್ಮ ದಿನಾ ಸಂಜೆ ಹಾಲು ಕರೆದಾದ ಮೇಲೆ ಕೆಚ್ಚಲ ಸಂದು, ಬಾಲದ ಬುಡ, ಕಿವಿಯ ಒಳಗೆ ಕೈಯಾಡಿಸಿ ಉಣ್ಣೆ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಿದ್ದರು. ರಕ್ತ ಕುಡಿದು ಹರಳು ಬೀಜದ ಗಾತ್ರ ಆಗಿರುತ್ತಿದ್ದವು. ಕಿತ್ತದ್ದನ್ನು ಕೊಟ್ಟಿಗೆಯಲ್ಲೇ ಬಿಸಾಡಬೇಡಿ. ಒಂದೊಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ. ಗೋಡೆಯ ಬಿರುಕಿಗೂ ಔಷಧಿ ಹೊಡೆಯಿರಿ. ನಮ್ಮ ಹಳ್ಳಿಕಾರ್ ಹಸುಗಳ ಚರ್ಮಕ್ಕೆ ಉಣ್ಣೆ ಹತ್ತುವುದು ಸೀಮೆ ಹಸುವಿಗಿಂತ ಕಮ್ಮಿ. ಹಾಗೆಂದು ಅವು ಪೂರ್ತಿ ಪಾರು ಎಂದಲ್ಲ.

ಕೊನೆಗೆ ಒಬ್ಬರು ಹಿರಿಯರು ಕೇಳಿದರು: "ಹಂಗಾದ್ರೆ ವಾಸಿಯಾದ ಹಸುವನ್ನ ಮಾರಿಬಿಡಬೇಕಾ ಸ್ವಾಮಿ?" ಬೇಡ ಯಜಮಾನ್ರೇ. ವಾಹಕ ಹಸುವಿಗೆ ಆ ಸೋಂಕು ಮತ್ತೆ ಜೋರಾಗಿ ಕೆರಳುವುದು ಅಪರೂಪ, ಹಾಲೂ ಕೊಡುತ್ತದೆ. ಮಾರಿದರೆ ರೋಗ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ ಅಷ್ಟೇ. ಹೊಸದಾಗಿ ತರುವ ಹಸುವಿನ ವಿಷಯದಲ್ಲಿ ಹುಷಾರಾಗಿರಿ. ಎಳೆಗರುಗಳಿಗೆ ಈ ರೋಗ ಬಂದರೂ ಸಾಮಾನ್ಯವಾಗಿ ಹಗುರ. ಮೊದಲ ಸಲ ಸೋಂಕು ತಗುಲುವ ದೊಡ್ಡ ಹಸುವಿಗೇ ಅಪಾಯ ಜಾಸ್ತಿ. ಗೌರಿ ನಮ್ಮ ಮನೆಯಲ್ಲಿ ಅದಾದ ಮೇಲೂ ಆರು ವರ್ಷ ಇತ್ತು, ಇನ್ನೂ ಮೂರು ಸೂಲು ಕರು ಹಾಕಿತು. ಆ ಆರು ವರ್ಷವೂ ಇಂಜೆಕ್ಷನ್ ದಿನ ಅಮ್ಮ ಕೊಟ್ಟಿಗೆ ಬಾಗಿಲಲ್ಲಿ ಹೊಸ ಸೂಜಿಗಳನ್ನು ಹಿಡಿದು ನಿಲ್ಲುತ್ತಿದ್ದರು. ಒಂದು ಹಸು ಆಯಿತು ಎಂದರೆ ಕೈ ಚಾಚಿ ಹಳೆಯದನ್ನು ಇಸಿದುಕೊಂಡು ಹೊಸದನ್ನು ಕೊಡುತ್ತಿದ್ದರು. ಗೌರಿಯ ಸರದಿ ಯಾವಾಗಲೂ ಕೊನೆಗೆ.

ಅಲ್ಲಿ ಮೇಜಿನ ಮೇಲೆ ಕಾಲೇಜಿನಿಂದ ತಂದ ಮೈಕ್ರೋಸ್ಕೋಪ್ ಇದೆ. ಅನಾಪ್ಲಾಸ್ಮಾ ಸೋಂಕಿನ ರಕ್ತದ ಗಾಜು ಅದರಲ್ಲಿದೆ. ಒಬ್ಬೊಬ್ಬರಾಗಿ ಬಂದು ನೋಡಿ. ಕನ್ನಡಕ ತೆಗೆದು, ಪಕ್ಕದ ತಿರುಪನ್ನು ಮೆಲ್ಲಗೆ ತಿರುಗಿಸಿ. ರಕ್ತಕಣದ ನಡುವೆ ಹುಡುಕಬೇಡಿ, ಅಂಚಿನಲ್ಲಿ ಹುಡುಕಿ.